ಏಳನೇ ಬಾಟಲಿ

"ಅಮ್ಮಾವ್ರೇ, ಆ ಬಲೆ ಬಿಡಿ! ಇಲ್ಲಾಂದ್ರೆ ಮೀನಿನ ಬದ್ಲು ನಿಮ್ಮನ್ನೇ ಎಳ್ಕೊಂಡ್ ಹೋಗುತ್ತೆ!"

ದೋಣಿಯವನ ಮೊದಲ ಮಾತೇ ಅದು. ಅಳಿವೆಯ ಉಪ್ಪುನೀರಲ್ಲಿ ಬೆಳೆವ ಕಾಂಡ್ಲಾ ಕಾಡಿನ ಬೇರುಗಳ ನಡುವೆ ಮೊಣಕಾಲುದ್ದ ಕೆಸರಲ್ಲಿ ಹೂತು ನಿಂತಿದ್ದ ಸಂಶೋಧಕಿಗೆ ಮೈಯೆಲ್ಲ ಉರಿಯಿತು.

"ಇದು ಮೀನಿನ ಬಲೆಯಲ್ಲ. ಕಣ್ಣಿಗೆ ಕಾಣದ ಪ್ರಾಣಿಗಳನ್ನ ಹಿಡಿಯೋದು!"

"ಕಾಣದ್ದನ್ನ ಹಿಡಿಯೋಕೆ ಸಂಬಳ ಬೇರೆ ಕೊಡ್ತಾರಾ?"

ನಗಬಾರದು ಅಂದುಕೊಂಡಳು... ನಕ್ಕೇಬಿಟ್ಟಳು.

ಆರು ವರ್ಷದ ಹಿಂದಿನ ಆ ಬೇಸಿಗೆಯಲ್ಲಿ ಆರು ಬಾಟಲಿ ನೀರನ್ನು ಇಬ್ಬರೂ ಜೊತೆಯಾಗಿಯೇ ತಂದರು. ಏಳನೆಯದಕ್ಕೆ ಅವನೊಬ್ಬನೇ ಕಾಡಿನೊಳಗೆ ಹೋದ. ಅವಳು ದಡದಲ್ಲಿ ಕುಳಿತು ನೀರಿನ ಉಪ್ಪು ಅಳೆಯುತ್ತಿದ್ದಳು.

ಮಿಣಮಿಣ ಓಡಾಡುವ ಜೀವಗಳ ಬಾಟಲಿಯನ್ನು ಅವಳ ಕೈಗಿಟ್ಟು, ತನ್ನ ತುಂಟ ತಂಗಿಯ ಕಥೆ ಶುರುಮಾಡಿದ. ಕಥೆ ಮುಗಿಯುವಷ್ಟರಲ್ಲಿ ಹೊತ್ತು ಇಳಿದಿತ್ತು. ಆಮೇಲಷ್ಟೇ ಬಾಟಲಿಗೆ, ಜೀವಗಳನ್ನು ಕೊಂದು ಕೆಡದಂತೆ ಇಡುವ ಫಾರ್ಮಲಿನ್ ಬಿತ್ತು.

ಮರುದಿನ ಎಣಿಸಿದರೆ, ಸಾವಿರಗಟ್ಟಲೆ ಇರಬೇಕಾದ ಕೋಪೆಪಾಡ್‌ಗಳು, ಸಿಗಡಿ ಜಾತಿಯ ಆ ಚುಕ್ಕೆಯಂಥ ಜೀವಗಳು, ಬೆರಳೆಣಿಕೆಯಷ್ಟು!

"ನೀನು ಒಳಗೆ ಹೋಗೇ ಇಲ್ಲ. ದಡದಲ್ಲೇ ಬಲೆ ಅದ್ದಿ ತಂದಿದ್ದೀಯ. ಸುಳ್ಳುಗಾರ!"

ಅವನು ಹುಟ್ಟನ್ನು ಕೈಗೆತ್ತಿಕೊಂಡ. "ಬೇರೆ ದೋಣಿ ನೋಡ್ಕೊಳ್ಳಿ" ಎಂದವನು ತಿರುಗಿ ನೋಡಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಇಂದು ಹಳೆಯ ಲೆಕ್ಕ ಪರೀಕ್ಷಿಸಲೆಂದು ಅದೇ ಬಾಟಲಿಯ ಹನಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟಳು. ಉಪ್ಪು ಏರಿದಾಗ ಕಡಲಿಂದ ಒಳನುಗ್ಗುವ ಬಾಣಹುಳುಗಳು, ಆವತ್ತು ಎಣಿಕೆಯ ಭರದಲ್ಲಿ ಅವಳು ಗಮನಿಸದೇ ಬಿಟ್ಟವು... ಗಾಜಿನಂಥ ಅವುಗಳ ಹೊಟ್ಟೆಯೊಳಗೆ ಸಾಲುಸಾಲು ಕೋಪೆಪಾಡ್‌ಗಳು!

ಬಾಟಲಿಯೊಳಗೇ ತಿಂದು ತೇಗಿದ್ದವು. ಫಾರ್ಮಲಿನ್ ಬೀಳುವವರೆಗೂ.

'ಅಯ್ಯೋ... ತಡ ಮಾಡಿದವಳು ನಾನು. ಕಳ್ಳ ಅವನಾದನೇ?'

ಬಿಳಿ ಕೋಟಿನಲ್ಲೇ ದೋಣಿಕಟ್ಟೆಗೆ ಓಡಿದಳು. ಅವನು ದೋಣಿಗೆ ಬಣ್ಣ ಬಳಿಯುತ್ತಿದ್ದ. ಕಿವಿಯ ಬಳಿ ಒಂದೆರಡು ಕೂದಲು ನರೆತಿದ್ದವು.

"ನೀನು ಒಳಗೇ ಹೋಗಿದ್ದೆ..."

"ಇದನ್ನ ಹೇಳೋಕೆ ಆರು ವರ್ಷ ಬೇಕಾಯ್ತಾ?"

"ತಪ್ಪು ನಂದು. ಫಾರ್ಮಲಿನ್ ಹಾಕೋದು ತಡ ಮಾಡ್ದೆ. ಅಷ್ಟರಲ್ಲಿ ಬಾಟಲೀಲಿದ್ದ ಬಾಣಹುಳುಗಳು ಉಳಿದವನ್ನೆಲ್ಲ ತಿಂದ್ಬಿಟ್ವು. ವರದೀಲೂ ಹಾಗೇ ತಿದ್ದಿ ಬರೀತೀನಿ."

"ಗಡಿಯಾರ ನೋಡ್ಕೊಂಡೇ ಉಸಿರಾಡೋರು ನೀವು. ಯಾಕೆ ತಡ ಆಯ್ತು?"

ಈ ಸಲ ಅವಳು ಸತ್ಯವನ್ನು ನುಂಗಲಿಲ್ಲ.

"ನೀನು ಕಥೆ ಹೇಳ್ತಿದ್ದೆ... ನಿನ್ನ ಮುಖ ನೋಡ್ತಾ ಮರೆತೇಬಿಟ್ಟೆ. ನಂಗೆ ನಿನ್ಮೇಲೆ ಪ್ರೀತಿ ಕಣೋ. ಆವತ್ತೂ... ಇವತ್ತೂ."

ಬ್ರಷ್ ನಿಂತಿತು.

"ತಂಗಿ ಕಥೆ ಅಷ್ಟುದ್ದ ಇರ್ಲೇ ಇಲ್ಲ" ಎಂದ ಮೆಲ್ಲಗೆ. "ನೀವು ಎದ್ದು ಹೋಗ್ಬಾರ್ದು ಅಂತ ಎಳೀತಿದ್ದೆ. ನಂದೂ ಪಾಲಿದೆ ಅಂತ ಬರ್ಕೊಳ್ಳಿ."

"ತಪ್ಪಿನಲ್ಲಾ, ಪ್ರೀತೀಲಾ?"

"ಎರಡರಲ್ಲೂ."