ಹಣ್ಣಷ್ಟ ಸಾಕು

"ಇದೇನ್ರಿ ಮೇಡಂ, ಇಸ್ತ್ರಿಪೆಟ್ಟಿಗಿಗೆ ಹಲ್ಲು ಬಂದಾವಲ್ಲ!"

ಸಿಂಧನೂರು ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಮಿಕ್ಸರು, ಫ್ಯಾನು ರಿಪೇರಿ ಮಾಡುವ ಬೀರಲಿಂಗ ಅಂಬಿಕಾಳಿಗೆ ಆಡಿದ ಮೊದಲ ಮಾತು ಅದು. ಅವಳು ಆನ್‌ಲೈನಿನಲ್ಲಿ ತರಿಸಿದ ಯಂತ್ರ ಬಿಸಿಯೇ ಆಗುತ್ತಿರಲಿಲ್ಲ. ಅವನು ಅದರ ಬಾಯಿ ತೆರೆದು ಹಿಡಿದು, ದನದ ವಯಸ್ಸು ನೋಡುವವನ ಹಾಗೆ ಇಣುಕಿದ್ದ.

"ಇಸ್ತ್ರಿ ಅಲ್ಲರಿ. ವಾಫಲ್ ಮಾಡೋದು."

"ಅಂದ್ರ?"

"ದಪ್ಪ ದ್ವಾಸಿ ಇದ್ದಂಗ. ಮೈತುಂಬ ಚೌಕ ಚೌಕ ತೆಗ್ಗು."

"ತೆಗ್ಗು ಯಾಕ್ರಿ?"

"ಬೆಲ್ಲದ ಪಾಕ ನಿಲ್ಲಾಕ."

"ನಮ್ಮ ತುರ್ವಿಹಾಳ ರಸ್ತೆ ಮ್ಯಾಲೆ ಸುರುವಿದ್ರೂ ನಿಲ್ತೈತಿ ಬಿಡ್ರಿ."

ಅಂಬಿಕಾ ನಕ್ಕಳು. ಸರ್ಕಾರಿ ಕಚೇರಿಯ ಕುರ್ಚಿಯಲ್ಲಿ ಕೂತು ನಗುವುದನ್ನೇ ಮರೆತಿದ್ದ ಹುಡುಗಿ, ಟೇಪು ಸುತ್ತಿದ ವೈರುಗಳ ನಡುವೆ ನಿಂತು ಜೋರಾಗಿಯೇ ನಕ್ಕಳು. ಅವನು ಸ್ಕ್ರೂಡ್ರೈವರ್ ಕೆಳಗಿಟ್ಟು ಅವಳ ನಗು ಮುಗಿಯುವ ತನಕ ಕಾದ.

ಆಮೇಲಿನ ಭಾನುವಾರಗಳೆಲ್ಲ ಬಾಳೆಹಣ್ಣಿನ ವಾಸನೆಯವು.

ರಹೀಮಾಬಿಯ ಮನೆಯ ಮಾಳಿಗೆಯ ಮೇಲೆ ಅಂಬಿಕಾಳ ಬಾಡಿಗೆ ಕೋಣೆ. ಹೊರಗಿನ ಮೆಟ್ಟಿಲು ಹತ್ತಿ ಬೀರಲಿಂಗ ಬರುತ್ತಿದ್ದ. ಬಾಗಿಲು ಮುಚ್ಚಿದ ಮೇಲೆಯೇ ಹೆಲ್ಮೆಟ್ ತೆಗೆಯುತ್ತಿದ್ದ.

"ಮನ್ಯಾಗೂ ಟ್ರಾಫಿಕ್ ಪೊಲೀಸರು ಅದಾರೇನು?" ಎಂದು ಅವಳು ಕಾಡಿಸುತ್ತಿದ್ದಳು.

"ನೀ ಇದ್ದಿಯಲ್ಲ. ದಂಡ ಹಾಕು" ಎಂದು ಅವನು ಕೆನ್ನೆ ಒಡ್ಡುತ್ತಿದ್ದ.

ಅವಳು ಗೋಧಿಹಿಟ್ಟಿಗೆ ಹಾಲು, ಮೊಟ್ಟೆ, ಬೆಣ್ಣೆ ಹಾಕಿ ಕಲಸುವಳು. ಅವನು ಹಣ್ಣು ಹೆಚ್ಚುವನು. ಯಂತ್ರದ ಬಾಯಿ ಮುಚ್ಚಿದರೆ ಸುತ್ತಲೂ ಉಗಿ. ಆ ಉಗಿ ನಿಲ್ಲುವ ತನಕ ತೆರೆಯಬಾರದು. ತೆರೆದರೆ ವಾಫಲ್ ಎರಡು ಹೋಳಾಗಿ, ಅರ್ಧ ಮೇಲೆ, ಅರ್ಧ ಕೆಳಗೆ ಅಂಟಿ ಹರಿಯುತ್ತದೆ.

"ನಿಂತಿತು ನೋಡು, ತಗಿ."

"ಇನ್ನೂ ನಿಂತಿಲ್ಲ. ಕೈ ತಗಿಯಲೇ ಆತುರಗೇಡಿ."

ಅವನ ಬೆರಳು ಯಂತ್ರದ ಹಿಡಿಯ ಮೇಲೆ, ಅವಳ ಬೆರಳು ಅವನ ಬೆರಳ ಮೇಲೆ. ಉಗಿಯ ಆಚೆಯಿಂದ ಅವನು ನೋಡುತ್ತಿದ್ದ. ಅಷ್ಟು ಹೊತ್ತು ಯಾರೂ ತನ್ನನ್ನು ಹಾಗೆ ನೋಡಿರಲಿಲ್ಲ ಎಂದು ಅಂಬಿಕಾಳಿಗೆ ಅನ್ನಿಸುತ್ತಿತ್ತು.

ಗೋಡೆಯ ಮೇಲೆ ಬುದ್ಧ, ಬಾಬಾಸಾಹೇಬರ ಫೋಟೊ ಇದ್ದವು. ಮೊದಲ ದಿನವೇ ಅವನ್ನು ನೋಡಿ, ಅವಳು ಯಾವ ಕೇರಿಯವಳೆಂದು ತಿಳಿದುಕೊಂಡು, ಬೆರಳಿಗಂಟಿದ ಪಾಕ ನೆಕ್ಕುತ್ತಲೇ ಅವನು ಹೇಳಿದ್ದ: "ನಾ ಜಾತಿ ಗೀತಿ ಇವೆಲ್ಲ ನಂಬಂಗಿಲ್ಲ." ಅವಳು ಆ ಬೆರಳನ್ನು ನಂಬಿದಳು.

ಮದುವೆಯ ಮಾತು ಬಂದಾಗ ಅವನೇ ಅಂದ, "ಲಿಂಗಸುಗೂರಿನಾಗ ರಿಜಿಸ್ಟರ್ ಮಾಡ್ಸೋಣು. ಅಲ್ಲಿ ಗುರ್ತಿನವರು ಕಡಿಮಿ." ಗುರುತಿನವರು ಯಾಕೆ ಕಡಿಮೆ ಇರಬೇಕು ಎಂದು ಅವಳು ಕೇಳಲಿಲ್ಲ. ಪ್ರೀತಿಯಲ್ಲಿ ಇರುವವರು ಕೇಳದೆ ಬಿಟ್ಟ ಪ್ರಶ್ನೆಗಳನ್ನು ಊರು ಜೋಪಾನವಾಗಿ ಎತ್ತಿಟ್ಟುಕೊಂಡಿರುತ್ತದೆ.

ಒಂದು ಶನಿವಾರ ಸಂಜೆ ಅವನ ಫೋನು ಬಂತು.

"ಅಂಬೀ, ನಾಳಿ ಮುಂಜಾನಿ ಅವ್ವನ್ನ ಕರ್ಕೊಂಡು ಬರಾಕತ್ತೀನಿ. ನಿನ್ನ ಸುದ್ದಿ ಎಲ್ಲಾ ಹೇಳೀನಿ."

ಅವಳು ಫೋನು ಕಿವಿಗೆ ಒತ್ತಿಕೊಂಡಳು. "ಎಲ್ಲಾ?"

"ಎಲ್ಲಾ. ಬರ್ತೀನಿ ಅಂದಾಳ. ನೀ ಏನೂ ಮಾಡಾಕ ಹೋಗಬ್ಯಾಡ. ಹಣ್ಣಷ್ಟ ಸಾಕು. ಅವ್ವಗ ಹಣ್ಣು ಅಂದ್ರ ಬಾಳ ಇಷ್ಟ."

ಅಂಬಿಕಾ ಅದನ್ನು ಅಕ್ಕರೆ ಎಂದುಕೊಂಡಳು. ಮಾರ್ಕೆಟ್ಟಿನಲ್ಲಿ ಜಿಲಾನಿಸಾಬನ ಬಂಡಿಯ ಮುಂದೆ ನಿಂತು ಚಿಕ್ಕು, ಪಪ್ಪಾಯಿ, ದಾಳಿಂಬೆ, ಬಾಳೆಗೊನೆಯ ಒಂದು ಚಿಪ್ಪು ಆರಿಸಿದಳು. ಹಣ್ಣು ಇಷ್ಟವಾದ ಅತ್ತೆಗೆ ಬರೀ ಹಣ್ಣು ಕೊಟ್ಟರೆ ಸೊಸೆಯ ಕೈರುಚಿ ತಿಳಿಯುವುದು ಹೇಗೆ?

ಬೆಳಿಗ್ಗೆ ಬೀರಲಿಂಗನ ಅವ್ವ ಗ್ಯಾನಮ್ಮ ಆಟೊದಲ್ಲಿ ಬಂದಳು, ಹಿಂದೆ ಬೈಕಿನಲ್ಲಿ ಅವನು. ಬಿಸಿಲಿಗೆ ಸುಟ್ಟ ಮುಖ, ಕುರಿ ಕಾಯ್ದು ಗಟ್ಟಿಯಾದ ಅಂಗೈ. ಕೆಟ್ಟವಳಲ್ಲ. ಒಳಗೆ ಬಂದವಳೇ ಅಂಬಿಕಾಳ ಗಲ್ಲ ಹಿಡಿದು, "ಲಕ್ಷಣ ಅದಾಳ ಬಿಡು" ಅಂದಳು. ಬೀರಲಿಂಗ ಹೆಲ್ಮೆಟ್ ತೊಡೆಯ ಮೇಲಿಟ್ಟುಕೊಂಡು ಕೂತ.

ಅಂಬಿಕಾ ತಾಟು ತಂದಿಟ್ಟಳು. ಅಂಚು ಗರಿಗರಿಯಾಗಿ ಕೆಂಪಗಾದ ವಾಫಲ್, ಮೇಲೆ ಚಿಕ್ಕಿನ ಹೋಳು, ಪಪ್ಪಾಯಿ, ಒಂದೊಂದು ಚೌಕದ ತೆಗ್ಗಿನಲ್ಲೂ ದಾಳಿಂಬೆಯ ಕಾಳು, ಬೆಲ್ಲದ ಪಾಕ.

ಬೀರಲಿಂಗನ ಮುಖ ಇಳಿದುಹೋಯಿತು.

ಗ್ಯಾನಮ್ಮ ತಾಟು ನೋಡಿದಳು, ಮಗನ ಕಡೆ ನೋಡಿದಳು. "ಬಾಳ ಚಂದ ಮಾಡೀಯವ್ವ. ಕಣ್ಣ ತುಂಬಿತು. ಆ ಬಾಳಿಹಣ್ಣು ಇತ್ತಾಗ ಕೊಡು." ಅಂಬಿಕಾ ಚಿಪ್ಪಿನಿಂದ ಒಂದು ಕಿತ್ತು ಸುಲಿಯಲು ಹೋದಾಗ, ಮುದುಕಿ ಮೆಲ್ಲಗೆ ಅಂದಳು: "ಸುಲಿಬ್ಯಾಡ ಮಗಳ. ನಾ ಸುಲ್ಕೊಂತೀನಿ."

ಅಷ್ಟು ಸಾಕಾಯಿತು.

ಮಸ್ಕಿಯಲ್ಲಿ ಅಂಬಿಕಾಳ ಅಪ್ಪ ಹುಸೇನಪ್ಪ ಮೇಷ್ಟ್ರು ನಿವೃತ್ತರಾದ ದಿನ ಹೀಗೆಯೇ ಆಗಿತ್ತು. ಜೊತೆಯ ಮೇಷ್ಟ್ರುಗಳು ಮನೆಗೆ ಬಂದರು. ಬಾಳೆಹಣ್ಣು ಸುಲಿದು ತಿಂದರು, ಮುಚ್ಚಳ ತೆಗೆಯದ ಜ್ಯೂಸ್ ಬಾಟಲಿ ತಾವೇ ತೆರೆದು ಕುಡಿದರು, ಬಾಯಿತುಂಬ ಹೊಗಳಿ ಹೋದರು. ಅವ್ವ ಮಾಡಿದ ಗೋಧಿಹುಗ್ಗಿ ಪಾತ್ರೆಯ ತುಂಬ ಹಾಗೆಯೇ ಇತ್ತು. ಹಣ್ಣು ಗಿಡದಲ್ಲಿ ಆಗುತ್ತದೆ, ಅದಕ್ಕೆ ದೋಷವಿಲ್ಲ. ಹಿಟ್ಟಿಗೆ ನೀರು ಬೇಕು, ನೀರು ಹಾಕಲು ಕೈ ಬೇಕು, ಆ ಕೈ ಯಾರದೆಂದು ಈ ನಾಡು ಸಾವಿರ ವರ್ಷದಿಂದ ಮೂಸಿ ನೋಡುತ್ತಿದೆ.

"ಅತ್ತೀ, ವಾಫಲ್ ಮ್ಯಾಲೂ ಹಣ್ಣ ಐತಿ" ಎಂದಳು ಅಂಬಿಕಾ.

"ಹಣ್ಣು ದೇವರು ಮಾಡಿದ್ದವ್ವ."

"ಹಿಟ್ಟು ನಾ ಕಲಸಿದ್ದು. ಹಂಗೇನು?"

ಗ್ಯಾನಮ್ಮ ತಲೆ ತಗ್ಗಿಸಿದಳು. "ನನ್ನ ಮನಸಿನಾಗ ಏನಿಲ್ಲ. ಊರಾಗ ನಾಳಿ ಕೇಳ್ತಾರ, ಅಲ್ಲಿ ಏನು ಉಂಡಿ ಅಂತ. ಸುಳ್ಳು ಹೇಳಾಕ ಬರಂಗಿಲ್ಲ ನನಗ."

ಅಂಬಿಕಾ ಇನ್ನೊಂದು ತಾಟನ್ನು ಬೀರಲಿಂಗನ ಮುಂದೆ ಸರಿಸಿದಳು. ಎಷ್ಟೋ ಭಾನುವಾರ ಇದೇ ತಾಟನ್ನು ಬೆರಳಿನಿಂದ ಸವರಿ ತಿಂದವನು. ಒಂದು ತುಂಡು ಮುರಿದರೆ ಸಾಕು, ಉಳಿದದ್ದನ್ನೆಲ್ಲ ತಾನು ಎದುರಿಸಬಲ್ಲೆ ಎಂದು ಅವನ ಕೈಯನ್ನೇ ನೋಡಿದಳು. ಕೈ ಹೆಲ್ಮೆಟ್ಟಿನ ಪಟ್ಟಿ ತಿರುವುತ್ತಿತ್ತು.

"ನನಗ ಹಸಿವಿಲ್ಲ" ಎಂದ ಅವನು. "ಬಸ್‌ಸ್ಟ್ಯಾಂಡಿನಾಗ ಇಡ್ಲಿ ಆತು."

ಅವರು ಇಳಿದು ಹೋದರು. ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದು. ಅವ್ವನನ್ನು ಕೆಳಗೆ ಆಟೊದಲ್ಲಿ ಕೂರಿಸಿ, ಬೀರಲಿಂಗ ಒಬ್ಬನೇ ಹತ್ತಿ ಬಂದಿದ್ದ. ಬಾಗಿಲು ಮುಚ್ಚಿದ, ಹೆಲ್ಮೆಟ್ ತೆಗೆದ, ತಾಟಿನ ಮುಂದೆ ಕುಸಿದು ಕೂತು ಆರಿದ ವಾಫಲ್ ಗಬಗಬ ತಿನ್ನತೊಡಗಿದ. ಕಣ್ಣೀರು ಪಾಕದಲ್ಲಿ ಬೀಳುತ್ತಿತ್ತು.

"ಈಗ ಹಸಿವಾತೇನು?"

"ಸಿಟ್ಟಾಗಬ್ಯಾಡಲೇ ಅಂಬೀ. ಆಕಿ ಮುಂದ ಆಗಲಿಲ್ಲ. ನೀ ಅಂದ್ರ ನನ್ನ ಜೀವ."

ಸುಳ್ಳಲ್ಲ ಎಂದು ಅವಳಿಗೆ ಗೊತ್ತಿತ್ತು. ಅದೇ ಹೆಚ್ಚು ಉರಿಯಿತು. ಬಗ್ಗಿ ಸೆರಗಿನಿಂದ ಅವನ ಗಲ್ಲ ಒರೆಸಿದಳು. ಆಮೇಲೆ ಎದ್ದು ಬಾಗಿಲನ್ನು ಪೂರ್ತಿ ತೆರೆದಳು. ಬೆಳಗಿನ ಬಿಸಿಲು ತಾಟಿನ ತನಕ ಬಂತು.

"ತಾಟು ತಗೊಂಡು ಹೊರಗ ಬಾ. ಮೆಟ್ಟಿಲ ಮ್ಯಾಲೆ ಕುಂತು ತಿನ್ನು. ನಿಮ್ಮವ್ವಗ ಕಾಣಲಿ."

"ಅಂಬೀ…"

"ಜೀವ ಕೇಳಿಲ್ಲೋ ನಿನಗ. ಒಂದು ತುತ್ತು ಕೇಳೀನಿ."

ಅವನು ತಾಟು ಹಿಡಿದು ಎದ್ದ. ಹೊಸ್ತಿಲ ತನಕ ಬಂದ. ಕೆಳಗೆ ಆಟೊದಿಂದ ಗ್ಯಾನಮ್ಮ ಮುಖ ಹೊರಗೆ ಹಾಕಿ, "ಬೀರಾ, ಬಂದ್ಯೇನೋ?" ಎಂದು ಕೂಗಿದಳು. ಅವನ ಕಾಲು ಅಲ್ಲೇ ನಿಂತಿತು. ಅವಳು ಕಾದಳು. ಯಂತ್ರದ ಉಗಿ ನಿಲ್ಲಲು ಕಾಯುತ್ತಿದ್ದ ಹಾಗೆ, ಆತುರ ಮಾಡದೆ ಕಾದಳು.

ಬೀರಲಿಂಗ ತಾಟನ್ನು ಹೊಸ್ತಿಲ ಒಳಗೆ ಇಟ್ಟ. ಹೆಲ್ಮೆಟ್ ಹಾಕಿಕೊಂಡ. ಗದ್ದದ ಕೆಳಗೆ ಪಟ್ಟಿ ಟಕ್ ಎಂದಿತು. ಆ ಸದ್ದು ಇಷ್ಟು ದಿನವೂ ಇದನ್ನೇ ಹೇಳುತ್ತಿತ್ತಲ್ಲ ಎಂದುಕೊಂಡಳು ಅಂಬಿಕಾ.

"ವೈರು ಮತ್ತ ಕೆಟ್ರ ಹೇಳು" ಎಂದ, ಹೆಲ್ಮೆಟ್ಟಿನ ಒಳಗಿನಿಂದ ಮಂದವಾದ ದನಿಯಲ್ಲಿ.

"ಕೆಡಂಗಿಲ್ಲ. ಚಲೋ ಮಾಡಿ ಕೊಟ್ಟೀದಿ. ಹೋಗಿ ಬಾ."

ಅವನು ಇಳಿಯುವಾಗಲೇ ಅವಳು ಒಳಗೆ ಹೋಗಿ ಉಳಿದ ಹಣ್ಣನ್ನೆಲ್ಲ ಸಣ್ಣಗೆ ಹೆಚ್ಚಿ, ಮಿಕ್ಕಿದ್ದ ಹಿಟ್ಟಿಗೇ ಹಾಕಿದಳು. ಹಿಟ್ಟು ಯಾವುದು, ಹಣ್ಣು ಯಾವುದು ಎಂದು ಯಾವ ಕೈಗೂ ಬೇರೆ ಮಾಡಲು ಬಾರದ ಹಾಗೆ ಕಲಸಿದಳು. ಕೆಳಗೆ ಬೈಕು ಚಾಲೂ ಆಗದೆ ಕೆಮ್ಮುತ್ತಿತ್ತು. ಗ್ಯಾನಮ್ಮನ ದನಿ, ಆಟೊದವನ ಅವಸರ. ಹಿಟ್ಟನ್ನು ಯಂತ್ರಕ್ಕೆ ಸುರುವಿ, ಉಗಿ ನಿಂತ ಮೇಲೆ ಅದರ ಬಾಯಿ ತೆರೆದಳು. ವಾಫಲ್ ಹರಿಯದೆ ಇಡಿಯಾಗಿ ಬಂತು.

ತಾಟು ಹಿಡಿದು ಹೊರಗಿನ ಮೆಟ್ಟಿಲ ಮೇಲೆ, ಇಡೀ ಗಲ್ಲಿಗೆ ಕಾಣುವ ಹಾಗೆ ಕೂತಳು. ಕಣ್ಣು ಉರಿಯುತ್ತಿದ್ದವು, ಒರೆಸಿಕೊಳ್ಳಲಿಲ್ಲ. ಅಂಗಳದಿಂದ ರಹೀಮಾಬಿ ತಲೆ ಎತ್ತಿ, "ಒಬ್ಬಳೇ ತಿಂತಿಯೇನು ಬೇಟಿ?" ಎಂದಳು.

"ಹತ್ತಿ ಬಾ ಚಾಚಿ. ಬಿಸಿ ಐತಿ."

ಕೊನೆಗೂ ಚಾಲೂ ಆದ ಬೈಕು ಗಲ್ಲಿಯ ತಿರುವಿನಲ್ಲಿ ಒಂದು ಕ್ಷಣ ನಿಂತಿತು. ಹೆಲ್ಮೆಟ್ ಹಿಂದಕ್ಕೆ ತಿರುಗಿತು. ಕಪ್ಪು ಗಾಜಿನ ಒಳಗೆ ಕಣ್ಣು ಯಾವ ಕಡೆ ಇದ್ದವೋ ಕಾಣಲಿಲ್ಲ. ಅಂಬಿಕಾ ಒಂದು ದೊಡ್ಡ ತುಂಡು ಮುರಿದು, ಅವನಿಗೆ ಕಾಣುವ ಹಾಗೆ ಬಾಯಿಗಿಟ್ಟುಕೊಂಡಳು.