ನೀಲಿ ಬಟನ್

“ಅದಲ್ಲಮ್ಮಾ, ನೀಲಿ ಬಟನ್. ಮತ್ತೆ ಕೆಂಪಿಗೆ ಹೋಯ್ತು. ಶರ್ಟ್ ಡಿಲೀಟ್ ಆಯ್ತು ನೋಡು.”

ಡಿಲೀಟ್ ಆದ ಶರ್ಟು ಇಸ್ತ್ರಿ ಅಂಗಡಿಯ ಕೌಂಟರಿನ ಮೇಲೆ ತೆಪ್ಪಗೆ ಮಲಗಿತ್ತು. ಹೋಗಿದ್ದು ಟ್ಯಾಬಿನೊಳಗಿನ ಅದರ ಫೋಟೊ. ಅಮ್ಮ ಮಾತ್ರ ಶರ್ಟನ್ನೇ ಒಮ್ಮೆ ಮುಟ್ಟಿ ನೋಡಿದಳು, ಇದೆಯೋ ಹೋಯಿತೋ ಎಂಬಂತೆ. ಮೈನಾ ಹಣೆ ಹಣೆ ಚಚ್ಚಿಕೊಂಡಳು.

ಮೈನಾ ಎನ್ನುವುದು ಮಿಮಿಕ್ರಿಯಿಂದ ಬಂದ ಹೆಸರು. ಹಾಲಿನವನ ಕೆಮ್ಮಿನಿಂದ ಹಿಡಿದು ಹೆಡ್‌ಮಾಸ್ಟರರ ಆಕಳಿಕೆವರೆಗೆ ಅವಳ ಬಾಯಲ್ಲಿ ಇಲ್ಲದ್ದಿಲ್ಲ. ಅದರಲ್ಲೂ ಲೆಕ್ಕದ ಮೇಡಂ ಸೂಪರ್ ಹಿಟ್. ಇಲ್ಲದ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, “ತಲೆ ಇರೋದು ಬಾಚ್ಕೊಳ್ಳೋಕೆ ಮಾತ್ರಾನಾ?” ಎಂದು ರಾಗ ಎಳೆದರೆ ಇಡೀ ಕ್ಲಾಸು ಬಿದ್ದು ಬಿದ್ದು ನಗುತ್ತಿತ್ತು. ನಿಜವಾದ ಮೇಡಂ ಹಾಗೆ ಕೇಳಿದಾಗ ಯಾರೂ ನಗುತ್ತಿರಲಿಲ್ಲ. ಬೋರ್ಡಿನ ಮುಂದೆ ನಿಂತವರಿಗೆ ಬರುವ ಲೆಕ್ಕವೂ ಮರೆತುಹೋಗುತ್ತಿತ್ತು. ಮೈನಾಳಿಗೂ.

ಈ ಟ್ಯಾಬು ತಂದವನು ಅಂಗಡಿಯ ಓನರ್. ಇನ್ನು ಚೀಟಿಗೀಟಿ ಇಲ್ಲ, ಬಂದ ಬಟ್ಟೆಗೆಲ್ಲ ಫೋಟೊ, ಎಲ್ಲ ಡಿಜಿಟಲ್ ಎಂದು ಎದೆಯುಬ್ಬಿಸಿ ಭಾಷಣ ಬಿಗಿದಿದ್ದ. ಭಾಷಣ ಮುಗಿದ ಮೇಲೆ ಅದನ್ನು ಆನ್ ಮಾಡಿಕೊಡಲು ಮೈನಾಳನ್ನೇ ಕರೆದಿದ್ದ. ಆದರೂ ಅಮ್ಮನಿಗೆ ಶನಿವಾರದ ಗಡುವು ಕೊಟ್ಟುಬಿಟ್ಟ. ಅಷ್ಟರಲ್ಲಿ ಕಲಿಯದಿದ್ದರೆ ಕೌಂಟರಿಗೆ ಬೇರೆಯವರು, ಅಮ್ಮ ಹಿಂದಿನ ಒಗೆಯೋ ರೂಮಿಗೆ. ಆ ರೂಮಿನ ಪೌಡರಿನ ಘಾಟಿಗೆ ಅಮ್ಮ ಹೋದ ವರ್ಷವೆಲ್ಲ ಕೆಮ್ಮಿದ್ದಳು.

ಇವತ್ತಾಗಲೇ ಶುಕ್ರವಾರ.

ಶಾಲೆ ಬಿಟ್ಟ ಕೂಡಲೇ ಮೈನಾ ಟೀಚರಾಗಿ ಬಂದಿದ್ದಳು. ಅಮ್ಮ ಇಸ್ತ್ರಿ ಟೇಬಲ್ಲಿಗೂ ಟ್ಯಾಬಿಗೂ ನಡುವೆ ಓಡಾಡುತ್ತ ಒಂದು ಪ್ಯಾಂಟು ಉಜ್ಜುವುದು, ಒಂದು ಫೋಟೊ ಕಳೆಯುವುದು, ಹೀಗೆ ನಡೆದಿತ್ತು. ಈ ಸರ್ಕಸ್ಸನ್ನು ಮೈನಾ ಅಮ್ಮನದೇ ಫೋನಿನಲ್ಲಿ ವಿಡಿಯೊ ಮಾಡಿಕೊಂಡಳು. ಸೋಮವಾರ ಫ್ರೆಂಡ್ಸಿಗೆ ಅಮ್ಮನ ಹೊಸ ಮಿಮಿಕ್ರಿ ತೋರಿಸಬೇಕಲ್ಲ, ಪ್ರಾಕ್ಟೀಸಿಗೆ ಬೇಕು.

ಗಿರಾಕಿಯೊಬ್ಬರು ಬಂದಾಗ ಅವಳು ಅಂಗಡಿಯ ಮೆಟ್ಟಿಲ ಮೇಲೆ ಕೂತು ವಿಡಿಯೊ ಹಾಕಿದಳು.

“ಅಷ್ಟೂ ಗೊತ್ತಾಗಲ್ವಾ? ತಲೆ ಇರೋದು ಬಾಚ್ಕೊಳ್ಳೋಕೆ ಮಾತ್ರಾನಾ?”

ಲೆಕ್ಕದ ಮೇಡಂ! ಇವರು ಅಂಗಡಿಗೆ ಯಾವಾಗ ಬಂದರು? ಮೈನಾ ತಲೆಯೆತ್ತಿ ಬೀದಿ ನೋಡಿದಳು. ಸೈಕಲ್ ಮೇಲೆ ಯಾರೋ ಹೋದರು, ಅಷ್ಟೇ. ವಿಡಿಯೊ ಮತ್ತೆ ಹಾಕಿದಳು. ಅದೇ ರಾಗ, ಅದೇ ಎಳೆತ, ದನಿ ಮಾತ್ರ ತನ್ನದೇ. ಆದರೆ ಅವಳು ಆಗ ಮಿಮಿಕ್ರಿ ಮಾಡಿರಲೇ ಇಲ್ಲ.

ವಿಡಿಯೊದಲ್ಲಿ ಅಮ್ಮ ಬೋರ್ಡಿನ ಮುಂದೆ ನಿಂತವಳ ಹಾಗೆ ನಿಂತಿದ್ದಳು.

ಆ ದನಿ ಇನ್ನೊಂದು ಸಲ ಕೇಳಲು ಆಗಲಿಲ್ಲ. ಮೈನಾ ಸೌಂಡ್ ಪೂರ್ತಿ ಇಳಿಸಿದಳು. ಆಗ ಕಂಡಿದ್ದು ಅಮ್ಮನ ಕೈ. ಟ್ಯಾಬ್ ಮುಟ್ಟುವ ಮುಂಚೆ ಪ್ರತಿ ಸಲವೂ ಅಮ್ಮನ ಬೆರಳು ಪಕ್ಕದ ನೀರಿನ ಬಟ್ಟಲಿಗೆ ಹೋಗಿ ಬರುತ್ತಿತ್ತು. ಇಸ್ತ್ರಿ ಪೆಟ್ಟಿಗೆ ಕಾದಿದೆಯೋ ಎಂದು ಅಮ್ಮ ನೋಡುವುದೇ ಹಾಗೆ. ಬೆರಳು ಅದ್ದಿ ತಟ್ಟನೆ ಮುಟ್ಟಬೇಕು, ಚುಂಯ್ ಅಂದರೆ ಕಾದಿದೆ. ಟ್ಯಾಬಿಗೂ ಅದೇ ಮರ್ಯಾದೆ. ಗಾಜಿನ ಮೇಲೆ ನೀರ ಹನಿ ಬಿದ್ದು, ನೀಲಿ ಒತ್ತಿದರೆ ಕೆಂಪಿಗೆ ಜಾರುತ್ತಿತ್ತು.

ಇದು ಅಮ್ಮನ ಪಕ್ಕದಲ್ಲೇ ನಿಂತವಳಿಗೆ ಕಂಡಿರಲಿಲ್ಲ.

ಗಿರಾಕಿ ಹೋದ ಮೇಲೆ ಮೈನಾ ಒಳಗೆ ಬಂದಳು. ಅಮ್ಮ ಅವಳ ಮುಖ ನೋಡದೆ, “ಸಾಕು ಬಿಡೆ, ನನ್ನ ತಲೆಗೆ ಇದು ಹತ್ತಲ್ಲ” ಎಂದಳು.

ಮೈನಾ ಅಮ್ಮನ ಬೆರಳು ಹಿಡಿದು ತನ್ನ ಯೂನಿಫಾರ್ಮಿಗೆ ಒರೆಸಿದಳು. ಟ್ಯಾಬನ್ನೂ ಒರೆಸಿದಳು. “ಇದು ಸುಡಲ್ಲಮ್ಮಾ. ಹಾಗೇ ಮುಟ್ಟು.”

ಅಮ್ಮ ಮುಟ್ಟಿದಳು. ನೀಲಿ. ಬಿಳಿ ಶರ್ಟು ಟ್ಯಾಬಿನೊಳಗೆ ಹೋಗಿ ಅಲ್ಲೇ ಕೂತಿತು.

ಮುಂದಿನ ಪ್ಯಾಂಟಿಗೆ ಅಮ್ಮನ ಕೈ ಮತ್ತೆ ಬಟ್ಟಲ ಕಡೆ ಹೊರಟಿತು. ಮೈನಾಳ ನಾಲಿಗೆ ತುದಿಗೆ ಏನೋ ಬಂತು. ಅವಳು ಬಾಯಿ ಮುಚ್ಚಿಕೊಂಡು ಕಾದಳು. ಕೈ ಅರ್ಧ ದಾರಿಯಲ್ಲಿ ನಿಂತಿತು. ಅಮ್ಮ ತನ್ನಷ್ಟಕ್ಕೆ ನಕ್ಕು, ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

ಬಾಗಿಲು ಹಾಕುವ ಹೊತ್ತಿಗೆ ಕೌಂಟರಿನ ಬಟ್ಟೆಯೆಲ್ಲ ಟ್ಯಾಬಿನೊಳಗಿತ್ತು. ನಾಳೆ ಓನರ್ ಬರಲಿ ಎಂದು ಅಮ್ಮ ಸೊಂಟದ ಮೇಲೆ ಕೈ ಇಟ್ಟು ನಿಂತಳು.

ಅವಳ ಬೆನ್ನ ಹಿಂದೆ ಮೈನಾ ಫೋನಿನ ಆ ವಿಡಿಯೊ ತೆರೆದಳು. ಈ ಸಲ ಕೆಂಪು ಬಟನ್ ಒತ್ತಿದ್ದು ಅವಳು.