ನೋಡೋಣ ಅಂದರೆ ಏನರ್ಥ

ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ, ಡಾಕ್ಟರ್ ನಾಗಭೂಷಣ ಅವರ ಕೋಣೆಯ ಹೊರಗೆ ಒಂದೇ ಒಂದು ಬೆಂಚು. ಆ ಶುಕ್ರವಾರ ಅದರ ಈ ತುದಿಗೆ ಶಿವಪ್ರಕಾಶ ಕೂತಿದ್ದ, ಆ ತುದಿಗೆ ಯಾರೋ ಹುಡುಗಿ. ನಡುವೆ ಮೇಕೆಮರಿಯೊಂದನ್ನು ತೊಡೆಯ ಮೇಲೆ ಮಲಗಿಸಿಕೊಂಡ ಮುದುಕ. ಮುದುಕನನ್ನು ಒಳಗೆ ಕರೆದರು. ಬೆಂಚಿನ ನಡುವೆ ಜಾಗ ಖಾಲಿಯಾಯಿತು. ಹುಡುಗಿ ತಿರುಗಿ ನೋಡಿದಳು.

“ನಿಮ್ದು ನಾಯೀನಾ, ಬೆಕ್ಕಾ?”

“ನಂದೇನೂ ಇಲ್ರಿ. ಡಾಕ್ಟ್ರನ್ನ ಕಾಣಾಕ ಬಂದೀನಿ.”

ಅವಳ ಕಣ್ಣು ಅವನ ಇಸ್ತ್ರಿ ಮಾಡಿದ ಅಂಗಿ, ಪಾಲಿಶ್ ಹಾಕಿದ ಬೂಟು, ತೊಡೆಯ ಮೇಲಿನ ನೀಲಿ ಫೈಲು ಎಲ್ಲವನ್ನೂ ಒಂದು ಸುತ್ತು ಹಾಕಿ ಬಂತು. ಆಮೇಲೆ ತನ್ನ ಮಡಿಲಿನ ಹಸಿರು ಫೈಲನ್ನು ಎತ್ತಿ ತೋರಿಸಿದಳು.

“ಅಯ್ಯೋ ದೇವ್ರೇ, ನೀವೂ ಅದೇ ಲೈನಾ?”

ಅದೇ ಲೈನು. ಅವನ ವಿಸಿಟಿಂಗ್ ಕಾರ್ಡಿನ ಮೇಲೂ ‘ಫೈನಾನ್ಶಿಯಲ್ ಅಡ್ವೈಸರ್’ ಎಂದಿತ್ತು, ಅವಳದ್ದರ ಮೇಲೂ. ಕಂಪನಿ ಮಾತ್ರ ಬೇರೆ. ಡಾಕ್ಟರು ಮಾರ್ಚ್ ಕೊನೆಗೆ ರಿಟೈರ್ ಆಗುವವರಿದ್ದರು. ಆಗ ಬರುವ ಗಂಟನ್ನು ಎಲ್ಲಿಡಬೇಕೆಂದು ಹೇಳಿಕೊಡಲು ಇಬ್ಬರೂ ಬಂದಿದ್ದರು. ಸಿಕ್ಕರೆ ಒಬ್ಬರಿಗೇ ಸಿಗುವುದು.

ಹೆಸರು ಇಂದು ಎಂದಳು. ಸಿಂಗಾಪುರದವಳು. “ಫಾರಿನ್ ಸಿಂಗಾಪುರ ಅಲ್ಲ ಕಣ್ರೀ, ವಿದ್ಯಾರಣ್ಯಪುರದ ಪಕ್ಕದ್ದು” ಎಂದು ತಾನೇ ನಕ್ಕಳು. ಶಿವಪ್ರಕಾಶ ನಗಲಿಲ್ಲ. ಹುಡುಗ ಸಿಡುಕನಲ್ಲ, ಸೊಕ್ಕಿನವನೂ ಅಲ್ಲ. ನಗಬೇಕು ಎಂಬುದು ಅವನಿಗೆ ಹೊಳೆಯಲೇ ಇಲ್ಲ, ಅಷ್ಟೇ.

ಐದು ತಿಂಗಳ ಹಿಂದೆ ಹೀಗಿರಲಿಲ್ಲ. ಕುಷ್ಟಗಿಯಲ್ಲಿ ಬಿ.ಕಾಂ. ಮುಗಿಸಿ, ಆರ್.ಟಿ. ನಗರದಲ್ಲಿ ಬೇಕರಿಯೊಂದರ ಮೇಲಿದ್ದ ಆಫೀಸಿಗೆ ಸೇರಿದಾಗ ಜನರಿಗೆ ನಾಲ್ಕು ಒಳ್ಳೆಯ ಮಾತು ಹೇಳುವ ಕೆಲಸ ಸಿಕ್ಕಿತೆಂದು ಹಿಗ್ಗಿದ್ದ. ಮೊದಲ ದಿನವೇ ಮ್ಯಾನೇಜರ್ ಸುರೇಶ್ ಬಿಳಿ ಹಾಳೆ ಕೊಟ್ಟು, “ನಿಂಗೆ ಗೊತ್ತಿರೋ ನೂರು ಜನದ ಹೆಸರು ಬರಿ ಗುರು. ಅಲ್ಲಿಂದ ಶುರು” ಎಂದ. ಬೆಂಗಳೂರಿನಲ್ಲಿ ಅವನಿಗೆ ಗೊತ್ತಿದ್ದದ್ದು ರೂಮ್‌ಮೇಟು, ಮೆಸ್ಸಿನ ಚಂದ್ರವ್ವ ಮತ್ತು ಯಲಹಂಕದಲ್ಲಿದ್ದ ದೂರದ ಚಿಕ್ಕಪ್ಪ. ಎರಡನೆಯ ಸಲ ಹೋದಾಗ ಚಿಕ್ಕಪ್ಪ ಮನೆಯಲ್ಲಿದ್ದೂ ಇಲ್ಲ ಅನ್ನಿಸಿದರು. ಚಂದ್ರವ್ವ ಅನ್ನ ಬಡಿಸಿ, ಅವನು ಬಾಯಿ ತೆರೆಯುವ ಮೊದಲೇ ಅಡುಗೆಮನೆ ಸೇರುತ್ತಿದ್ದಳು.

ಮೊದಮೊದಲು ನೋಯುತ್ತಿತ್ತು. ಆಮೇಲೆ ನೋವೂ ಎಲ್ಲಿಗೋ ಹೋಯಿತು. ಬಹಳ ಹೊತ್ತು ಮಡಚಿ ಕೂತರೆ ಕಾಲಿಗೆ ಜೋಮು ಹಿಡಿಯುವುದಿಲ್ಲವೇ, ಹಾಗೆ. ಊಟಕ್ಕೆ ರುಚಿಯಿಲ್ಲ, ನಿದ್ದೆಗೆ ಸುಖವಿಲ್ಲ. ಅವ್ವ ಫೋನಿನಲ್ಲಿ ನಕ್ಕರೂ ಅತ್ತರೂ “ಹೂನವ್ವ” ಎನ್ನುತ್ತಿದ್ದ. ಪ್ರೊಬೇಷನ್ ಮುಗಿಯುತ್ತ ಬಂದಿತ್ತು. ಈ ಡಾಕ್ಟರು ಸಹಿ ಮಾಡಿದರೆ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ ಎಂದು ಸುರೇಶ್ ಹೇಳಿಬಿಟ್ಟಿದ್ದ. ಅದಕ್ಕೂ ಶಿವಪ್ರಕಾಶ ಹೂಂ ಎಂದಿದ್ದ.

ಅಟೆಂಡರು ಬಾಗಿಲಿನಿಂದ ಇಣುಕಿ, “ಐದೇ ನಿಮಿಷ. ಇಬ್ರೂ ಒಟ್ಟಿಗೇ ಹೋಗ್ಬಿಡಿ” ಎಂದ. ಒಳಗೆ ಡಾಕ್ಟರು ಕೈ ತೊಳೆಯುತ್ತಿದ್ದರು. ಇಬ್ಬರ ಪ್ಲಾನನ್ನೂ ತೆಗೆದುಕೊಂಡು ಮೇಜಿನ ಮೇಲಿಟ್ಟು, “ನೋಡೋಣ. ಮುಂದಿನ ಶುಕ್ರವಾರ ಬನ್ನಿ” ಎಂದರು.

ಹೊರಗೆ ಬಂದ ಮೇಲೆ ಶಿವಪ್ರಕಾಶ, “ನೋಡೋಣ ಅಂದ್ರಲ್ರಿ. ಅಡ್ಡಿಯಿಲ್ಲ, ನೋಡ್ತಾರ” ಎಂದ.

ಇಂದು ನಿಂತುಬಿಟ್ಟಳು. “ನಿಮ್ಗೆ ನಿಜವಾಗ್ಲೂ ಗೊತ್ತಿಲ್ವಾ? ಬೆಂಗಳೂರಲ್ಲಿ ನೋಡೋಣ ಅಂದ್ರೆ ಇಲ್ಲ ಅಂತ ಕಣ್ರೀ. ಮನೇಲಿ ಕೇಳಿ ಹೇಳ್ತೀನಿ ಅಂದ್ರೆ ಇಲ್ವೇ ಇಲ್ಲ ಅಂತ. ನಾನೇ ಫೋನ್ ಮಾಡ್ತೀನಿ ಅಂದ್ರೆ ನಿಮ್ ನಂಬರ್ ಆಗ್ಲೇ ಬ್ಲಾಕ್ ಆಗಿದೆ ಅಂತ.”

“ಮತ್ತ ಹೂಂ ಅನ್ನೂದಿದ್ರ ಏನಂತಾರ್ರಿ?”

“ಅದು ನಂಗೂ ಗೊತ್ತಿಲ್ಲ. ಯಾರೂ ಇನ್ನೂ ಅಂದಿಲ್ಲ.”

ಅವನು ಜೇಬಿನಿಂದ ಪುಟ್ಟ ನೋಟ್‌ಬುಕ್ ತೆಗೆದು ಇದನ್ನೆಲ್ಲ ಬರೆದುಕೊಂಡ. ತಮಾಷೆಗಲ್ಲ, ಪಾಠವೆಂದೇ ಬರೆದುಕೊಂಡ. ಅವಳು ಬಾಯಿಗೆ ದುಪಟ್ಟಾ ಅಡ್ಡ ಹಿಡಿದು ನೋಡುತ್ತಿದ್ದಳು.

ಹಾಗೆ ಶುಕ್ರವಾರಗಳು ಶುರುವಾದವು. ಡಾಕ್ಟರು ಪ್ರತಿ ವಾರವೂ ನೋಡೋಣ ಎನ್ನುವರು, ಇವರಿಬ್ಬರೂ ಬೆಂಚಿನ ಮೇಲೆ ಕಾಯುವರು. ಎರಡು ತುದಿಗಳು ಯಾವಾಗ ಹತ್ತಿರವಾದವೋ ಇಬ್ಬರಿಗೂ ತಿಳಿಯದು. ಇಂದು ಪೆನ್ನನ್ನು ಜಡೆಯಲ್ಲಿ ಸಿಕ್ಕಿಸಿಕೊಂಡು ಮರೆತು, ಬ್ಯಾಗೆಲ್ಲ ತಡಕಾಡುವಳು. ಅದು ಎಲ್ಲಿದೆಯೆಂದು ಶಿವಪ್ರಕಾಶನಿಗೆ ಗೊತ್ತು. ಹೇಳುತ್ತಿರಲಿಲ್ಲ. ಹುಡುಕುವಾಗ ಅವಳ ಹುಬ್ಬು ಗಂಟಾಗುವುದನ್ನು ನೋಡುತ್ತ ಕೂರುವನು. ವಾರವೆಲ್ಲ ಏನನ್ನೂ ನೋಡದ ಕಣ್ಣು ಅಷ್ಟನ್ನು ಮಾತ್ರ ನೋಡುತ್ತಿತ್ತು.

“ನಿಮಗೇನ್ರಿ ಕಷ್ಟ? ಸ್ವಂತ ಊರು. ಕೈಗೊಬ್ರು ಕಾಲಿಗೊಬ್ರು ಸಂಬಂಧಿಕ್ರು” ಎಂದು ಒಮ್ಮೆ ಕೇಳಿದ.

“ಅದೇ ಕಷ್ಟ. ಅಪ್ಪನಿಗೆ ಬಾಡಿಗೆ ಮನೆ ಕಟ್ಟೋದು ಬಿಟ್ರೆ ಬೇರೆ ಪ್ರಪಂಚ ಗೊತ್ತಿಲ್ಲ. ಯುಗಾದಿವರೆಗೂ ಆಟ ಆಡು, ಆಮೇಲೆ ಗಂಡು ನೋಡ್ತೀನಿ ಅಂತಾರೆ. ನಮ್ಮಜ್ಜಿ ಮುನಿವೆಂಕಟಮ್ಮ ಏನಂತಾರೆ ಗೊತ್ತಾ?” ಇಂದು ಸೊಂಟಕ್ಕೆ ಕೈಯಿಟ್ಟು ಅಜ್ಜಿಯಾದಳು. “‘ಸೈಟಾದ್ರೆ ಓಗಿ ಅದ್ರ ಮ್ಯಾಲೆ ನಿಂತ್ಕಂಡು ನೋಡ್ಬೋದು ಕಣವ್ವ. ನಿನ್ ಫಂಡಿನ ಮ್ಯಾಲೆ ಎಂಗೆ ನಿಂತ್ಕಳಾದು?’”

ಶಿವಪ್ರಕಾಶನ ತುಟಿಯ ಒಂದು ಮೂಲೆ ಅಲ್ಲಾಡಿತು.

“ನಕ್ರಿ!” ಎಂದು ಇಂದು ಬೆರಳು ತೋರಿಸಿದಳು. “ಈಗ ನಕ್ರಿ, ನಾನು ನೋಡ್ದೆ!”

ಐದನೆಯ ಶುಕ್ರವಾರ ಅವನು ಅವಳನ್ನು ಕೇಳಿಯೇಬಿಟ್ಟ. ರೂಮಿನಲ್ಲಿ ಎರಡು ದಿನ ಅಭ್ಯಾಸ ಮಾಡಿಕೊಂಡು ಬಂದಿದ್ದ.

“ಗೇಟಿನ ಎದುರಿಗೆ ಕಾಫಿ ಚಲೋ ಮಾಡ್ತಾರಂತ್ರಿ. ಮುಂದಿನ ವಾರ, ಈ ಪ್ಲಾನು ಗೀನು ಎಲ್ಲಾ ಬಿಟ್ಟು, ಸುಮ್ನ ಇಬ್ರೂ ಕೂತು ಕುಡಿಯೂಣೇನ್ರಿ?”

ಇಂದು ಬ್ಯಾಗಿನ ಜಿಪ್ ಎಳೆದಳು, ಮುಚ್ಚಿದಳು, ಮತ್ತೆ ಎಳೆದಳು. ಕಿವಿಯವರೆಗೂ ಕೆಂಪಾಗಿ, “ನೋಡೋಣ” ಎಂದಳು.

ಮುಖ ನೋಡಿದ್ದರೆ ಕಥೆ ಅಲ್ಲಿಗೇ ಸುಖವಾಗಿ ಮುಗಿಯುತ್ತಿತ್ತು. ನಮ್ಮ ಹುಡುಗ ತನ್ನ ಬೂಟು ನೋಡುತ್ತಿದ್ದ.

ಮುಂದಿನ ಶುಕ್ರವಾರ ಅವನು ಹೆಬ್ಬಾಳಕ್ಕೆ ಹೋಗಲಿಲ್ಲ. ಅದರ ಮುಂದಿನ ಶುಕ್ರವಾರವೂ ಹೋಗಲಿಲ್ಲ. ಪಾಠ ಹೇಳಿಕೊಟ್ಟವಳೇ ಪಾಠದ ಮಾತು ಆಡಿದ ಮೇಲೆ ತಿಳಿಯುವುದಕ್ಕೆ ಇನ್ನೇನಿದೆ? ಡಾಕ್ಟರದ್ದೂ ‘ಇಲ್ಲ’, ಅವಳದ್ದೂ ‘ಇಲ್ಲ’. ಅಳು ಬರಬಹುದೆಂದು ಒಂದು ಸಂಜೆ ಬಾಗಿಲು ಹಾಕಿಕೊಂಡು ಕಾದ. ಬರಲಿಲ್ಲ. ಹಸಿವೂ ಬರಲಿಲ್ಲ. ಊರಿನಿಂದ ಸೋದರಮಾವ ಪಂಚಪ್ಪ ಫೋನ್ ಮಾಡಿ, “ನಮ್ಮ ಹತ್ತಿ ಮಿಲ್ಲಿನ್ಯಾಗ ಕೂಡು ಬಾ, ಆ ಊರು ನಿನಗ ಒಗ್ಗಲಿಲ್ಲ” ಎಂದಾಗ ಹೂಂ ಎಂದ. ಭಾನುವಾರ ಹೊರಡುವುದೆಂದು ಆಯಿತು.

ಸುರೇಶ್ ಮಾತ್ರ ಬಿಡಲಿಲ್ಲ. “ಡಾಕ್ಟ್ರು ಇಲ್ಲ ಅಂತ ಬಾಯ್ಬಿಟ್ಟು ಹೇಳಿದ್ರಾ? ಇಲ್ಲ ತಾನೆ? ಹೋಗಿ ಹೇಳಿಸ್ಕೊಂಡಾದ್ರೂ ಬಾ ಮಗಾ.” ಹೀಗೆ ಮೂರನೆಯ ಶುಕ್ರವಾರ, ಬೇಡವೆನ್ನುವಷ್ಟು ಶಕ್ತಿಯೂ ಇಲ್ಲದೆ, ಶಿವಪ್ರಕಾಶ ಮತ್ತೆ ಆ ಬೆಂಚಿನ ಹತ್ತಿರ ಬಂದ.

ಇಂದು ಎದ್ದು ನಿಂತಳು. ಕಣ್ಣು ಕೆಂಡವಾಗಿತ್ತು.

“ಎರಡು ವಾರ. ಎರಡು ವಾರ ಆ ಕಾಫಿ ಅಂಗಡೀಲಿ ಒಬ್ಳೇ ಕೂತಿದ್ದೆ. ಎಲ್ಲಿ ಹೋಗಿದ್ರಿ?”

ಅವನಿಗೆ ಅರ್ಥವಾಗಲಿಲ್ಲ. “ನೀವು ನೋಡೋಣ ಅಂದ್ರಲ್ರಿ.”

“ಹೌದು, ಅಂದೆ!”

“ನೋಡೋಣ ಅಂದ್ರ ಇಲ್ಲ ಅಂತ ನೀವೇ ಬರೆಸೀರಿ.”

ಇಂದುವಿನ ಸಿಟ್ಟು ಎಲ್ಲಿ ಹೋಯಿತೋ, ಬೆಂಚಿನ ಮೇಲೆ ಕುಸಿದು ಕೂತಳು. “ಅಯ್ಯೋ ನನ್ ಕರ್ಮವೇ. ಅದು ಕಸ್ಟಮರ್ ಅಂದ್ರೆ ಕಣ್ರೀ. ಇಲ್ಲ ಅನ್ನೋದಾಗಿದ್ರೆ ನೋಡ್ತೀನಿ ಅಂತಿದ್ದೆ, ನನ್ ಪಾಡಿಗೆ ನಾನು. ನೋಡೋಣ ಅಂದ್ರೆ ಇಬ್ರೂ ಅಂತ. ನೀವೂ ನಾನೂ, ಇಬ್ರೂ ಸೇರಿ ನೋಡೋಣ ಅಂತ. ಕನ್ನಡ ಬರಲ್ವಾ ನಿಮಗೆ?”

ಅಷ್ಟರಲ್ಲಿ ಬಾಗಿಲು ತೆರೆದು ಡಾಕ್ಟರೇ ಹೊರಗೆ ಬಂದರು.

“ಅಬ್ಬಾ, ಇಬ್ರೂ ಬಂದ್ರಾ? ಒಳಗೆ ಬನ್ನಿ. ನೀವಿಬ್ರೂ ಒಂದೇ ಆಫೀಸು ಅಂದ್ಕೊಂಡು ಇಷ್ಟು ದಿನ ತಲೆ ಕೆಡಿಸ್ಕೊಂಡಿದ್ದೆ. ಒಂದೇ ಆಫೀಸಿನವರು ಎರಡು ಥರ ಯಾಕೆ ಹೇಳ್ತಾರೆ ಅಂತ. ಹೋದ್ವಾರ ಈ ಹುಡುಗಿ ಹೇಳಿದ್ಮೇಲೆ ಗೊತ್ತಾಯ್ತು.”

ಒಳಗೆ ಅವರು ಎರಡೂ ಪ್ಲಾನುಗಳನ್ನು ಮೇಜಿನ ಮೇಲೆ ಹರಡಿದರು. ಆಮೇಲೆ ಅದಲು ಬದಲು ಮಾಡಿದರು.

“ನಂಗೆ ದನದ ವಿಷಯ ಗೊತ್ತು, ದುಡ್ಡಿನ ವಿಷಯ ಗೊತ್ತಿಲ್ಲ. ಅವಳು ಬರೆದದ್ದನ್ನ ನೀನು ಓದಪ್ಪ. ಅವನು ಬರೆದದ್ದನ್ನ ನೀನು ಓದಮ್ಮ. ನಿಮ್ಮಪ್ಪನ ದುಡ್ಡು ಅಂದ್ಕೊಂಡು ಹೇಳಿ, ಎಲ್ಲಿ ಹಾಕ್ಲಿ?”

ಶಿವಪ್ರಕಾಶ ಓದಿದ. ಇಂದು ಹೆಚ್ಚಿನ ಪಾಲನ್ನು ಪೋಸ್ಟ್ ಆಫೀಸಿನ ಹಿರಿಯ ನಾಗರಿಕರ ಯೋಜನೆಗೆ ಬರೆದಿದ್ದಳು. ಅದರಿಂದ ಅವಳಿಗೆ ಒಂದು ಪೈಸೆಯೂ ಬರುವುದಿಲ್ಲ. ಡಾಕ್ಟರ ಹೆಂಡತಿಯ ಮಂಡಿ ಆಪರೇಷನ್ನಿಗೆಂದು ಒಂದಷ್ಟನ್ನು ಕೈಗೆ ಸಿಗುವ ಹಾಗೆ ಬಿಟ್ಟಿದ್ದಳು. ಉಳಿದ ಸ್ವಲ್ಪ ಮಾತ್ರ ಫಂಡಿಗೆ. ಅವನ ಪ್ಲಾನಿನಲ್ಲಿ ಎಲ್ಲವೂ ಹತ್ತು ವರ್ಷದ ಒಂದೇ ಪಾಲಿಸಿಗೆ. ಅರವತ್ತು ದಾಟುವವರಿಗೆ ಅದನ್ನು ಕೊಡಬಾರದೆಂದು ಅವನಿಗೆ ಗೊತ್ತಿತ್ತು. ಸುರೇಶ್ ಹಾಕು ಎಂದಿದ್ದ, ಹಾಕಿದ್ದ. ಹಾಕುವಾಗ ಏನೂ ಅನ್ನಿಸಿರಲಿಲ್ಲ.

ಈಗ ಅನ್ನಿಸಿತು. ನಾಚಿಕೆಯಾಯಿತು, ಅದರ ಹಿಂದೆಯೇ ಹೆದರಿಕೆ. ಈಗ ಬಾಯಿ ತೆರೆದರೆ ಕೆಲಸ ಹೋಗುತ್ತದೆ. ಕೆಲಸ ಹೋದರೆ ಈ ಊರಿನಲ್ಲಿ, ಇವಳ ಹತ್ತಿರ, ಇರಲು ಯಾವ ನೆಪವೂ ಉಳಿಯುವುದಿಲ್ಲ.

“ಇವರದ್ದು ಚಲೋ ಐತ್ರಿ ಸರ್” ಎಂದ. ತನ್ನ ಪ್ಲಾನಿನ ಕಡೆ ಬೆರಳು ತೋರಿಸಿದ. “ನನ್ನದರಾಗ ಹಾಕಬ್ಯಾಡ್ರಿ. ಬೇಕಂದಾಗ ರೊಕ್ಕ ತೆಗೆಯಾಕ ಬರಂಗಿಲ್ಲ. ನಮ್ಮಪ್ಪಂದಾಗಿದ್ರ ನಾನು ಹಾಕಿಸ್ತಿರಲಿಲ್ಲ.”

ಏಳು ತಿಂಗಳಲ್ಲಿ ಅವನು ಒಬ್ಬರಿಗೆ ಕೊಟ್ಟ ಮೊದಲ ಸಲಹೆ ಅದು.

ಡಾಕ್ಟರು ಇಂದುವಿನ ಕಡೆ ತಿರುಗಿದರು. “ನೀನೇನಂತೀಯಮ್ಮ?”

“ಅವರು ಹೇಳಿದ್ದು ಸರಿ ಸರ್. ಈ ಪ್ಲಾನ್ ಬೇಡ.” ಅವಳು ಹಾಳೆಯನ್ನು ಮಡಚಿದಳು. ಇನ್ನೂ ಮಡಚಿದಳು. “ಆದ್ರೆ ಸರ್, ಬರೆದವರು ತುಂಬಾ ಒಳ್ಳೆಯವರು. ಅವ್ರನ್ನ ಕಣ್ಮುಚ್ಕೊಂಡು ನಂಬಬಹುದು. ಜೀವನ ಪೂರ್ತಿ ನಂಬಬಹುದು.”

ಡಾಕ್ಟರು ಕನ್ನಡಕ ತೆಗೆದು ಅವಳನ್ನು ನೋಡಿದರು. “ಅದನ್ನ ನನಗ್ಯಾಕೆ ಹೇಳ್ತೀಯ ತಾಯಿ? ಅವನಿಗೆ ಹೇಳು.”

ಇಬ್ಬರೂ ಹೊರಗೆ ಬಂದಾಗ ಮೂರೂವರೆಯ ಬಿಸಿಲು. ಮರಗಳ ಸಾಲಿನ ಕೆಳಗೆ ಗೇಟಿನ ಕಡೆ ನಡೆದರು. ಫ್ಲೈಓವರಿನ ಹಾರ್ನು ಕೇಳಿಸುತ್ತಿತ್ತು.

“ಭಾನುವಾರ ಊರಿಗೆ ಹೊಂಟೀನ್ರಿ” ಎಂದ.

“ಗೊತ್ತಿತ್ತು. ಮುಖ ನೋಡಿದ್ರೆ ಗೊತ್ತಾಗ್ತಿತ್ತು.” ಇಂದು ನಿಂತಳು. “ಹೋಗ್ಲೇಬೇಕಾ?”

“ಹೋಗಬೇಕಂತಿತ್ತು. ಈಗ ಹೋಗಾಕ ಮನಸ್ಸಿಲ್ಲ.” ಅವನು ಈ ಸಲ ಬೂಟು ನೋಡಲಿಲ್ಲ. “ನನಗ ನೀವಂದ್ರ ಭಾಳ ಪ್ರೀತಿರಿ. ಕೆಲಸ ಹೋತು. ಬ್ಯಾರೆ ಹುಡುಕತೀನಿ. ಹುಡುಕೂತನಕ ಎಷ್ಟು ದಿನ ಆಗ್ತೈತೋ ಗೊತ್ತಿಲ್ಲ. ನೀವು ಕಾಯ್ತೀರೇನ್ರಿ?”

“ಕಾಯ್ತೀನಿ.”

“ನಿಮ್ಮಪ್ಪಗ?”

“ನಾನು ಹೇಳ್ತೀನಿ. ಬೈತಾರೆ. ಆಮೇಲೆ ನೀವು ಬನ್ನಿ. ನಿಮ್ಗೂ ಬೈತಾರೆ.”

“ಬೈಸ್ಕೊಳ್ಳಾಕ ಅಡ್ಡಿಯಿಲ್ರಿ. ಏಳು ತಿಂಗಳು ಅದನ್ನ ಕಲ್ತೀನಿ.”

ಅವಳು ಜೋರಾಗಿ ನಕ್ಕಳು. ಆ ನಗುವಿಗೆ ಅವನೊಳಗೆ ಎಲ್ಲೋ ಬಿಗಿದಿದ್ದದ್ದು ಬಿಟ್ಟುಹೋಯಿತು. ಅವನೂ ನಗಹೊರಟ. ಬಂದದ್ದು ನಗುವಲ್ಲ. ಮನೆಯಲ್ಲಿದ್ದೂ ಇಲ್ಲ ಅನ್ನಿಸಿದ ಚಿಕ್ಕಪ್ಪ, ಒಳಗೆ ಹೋದ ಚಂದ್ರವ್ವ, ಹೂಂ ಎಂದ ಎಲ್ಲ ಹೂಂಗಳೂ ಒಟ್ಟಿಗೇ ಬಂದವು. ದಾರಿಯ ನಡುವೆ ನಿಂತು ಅವನು ಬಿಕ್ಕಿ ಬಿಕ್ಕಿ ಅತ್ತ.

ಎದುರಿನಿಂದ ಬಿಳಿ ಕೋಟಿನ ವಿದ್ಯಾರ್ಥಿಗಳ ಗುಂಪೊಂದು ಬರುತ್ತಿತ್ತು. ಇಂದು ತನ್ನ ಹಸಿರು ಫೈಲನ್ನು ಅಗಲವಾಗಿ ಬಿಡಿಸಿ, ಬಿಸಿಲಿಗೆ ಹಿಡಿದವಳಂತೆ, ಅವನ ಮುಖಕ್ಕೆ ಅಡ್ಡ ಹಿಡಿದಳು. ಗುಂಪು ಮಾತಾಡುತ್ತ ಹತ್ತಿರ ಬಂತು. ಶಿವಪ್ರಕಾಶ ಕಣ್ಣೊರೆಸಿಕೊಂಡು ತಲೆಯೆತ್ತಿದರೆ, ಅವಳ ಕೆನ್ನೆಯ ಮೇಲೂ ನೀರು ಇಳಿಯುತ್ತಿತ್ತು. ಅವಳ ಎರಡೂ ಕೈ ಫೈಲು ಹಿಡಿದಿದ್ದವು, ಒರೆಸಿಕೊಳ್ಳುವಂತಿರಲಿಲ್ಲ.

ಅವನು ತನ್ನ ನೀಲಿ ಫೈಲನ್ನು ಬಿಡಿಸಿ ಅವಳ ಮುಖಕ್ಕೆ ಅಡ್ಡ ಹಿಡಿದ.